ಬರೆದದ್ದು ಪುಟಕ್ಕೇರುವ ತನಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಂತರ್ಜಾಲದಲ್ಲಿ ಬರೆದು ಪ್ರಕಟಿಸುವುದನ್ನು ಕಲಿಯುತ್ತಿದ್ದೇನೆ. ವೀಡಿಯೊ ನೋಡುವಾಗ ಎಲ್ಲ ತಿಳಿಯುತ್ತದೆ, ನಾನೇ ಕೂತರೆ ಕೈ ಓಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ವೀಡಿಯೊ ಬದಿಗಿಡಿ. ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮೇಲೆ 200 ಪದ ಬರೆದು, ಆ ಒಂದೇ ಬರಹವನ್ನು ಕೊನೆಯ ಹಂತದವರೆಗೂ ಒಯ್ಯಿರಿ. ಮೊದಲು ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿ. ಬೇಕೆಂದೇ ಒಂದು ಪ್ಯಾರಾ ಅಳಿಸಿ, ‘ಫೈಲ್’ ಮೆನುವಿನ ‘ವರ್ಷನ್ ಹಿಸ್ಟರಿ’ಗೆ ಹೋಗಿ ಹಳೆಯ ಪ್ರತಿಯನ್ನು ಮರಳಿ ತನ್ನಿ. ಬರೆದದ್ದು ಕಳೆದುಹೋದೀತೆಂಬ ಅಳುಕು ಅಲ್ಲಿಗೆ ಹೋಗುತ್ತದೆ.

ಆಮೇಲೆ ಬ್ಲಾಗ್, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಹೊಸ ಪೋಸ್ಟ್ ತೆರೆದು ಬರಹವನ್ನು ಅಂಟಿಸಿ. ಉಪಶೀರ್ಷಿಕೆಗೆ ಅಕ್ಷರ ದಪ್ಪ ಮಾಡಿ ಬಿಡಬೇಡಿ, ‘ಹೆಡಿಂಗ್’ ಬ್ಲಾಕ್ ಆರಿಸಿ ಎಚ್2 (ಎರಡನೇ ಹಂತದ ಶೀರ್ಷಿಕೆ) ಕೊಡಿ. ನೋಡುವವರಿಗೆ ಎರಡೂ ಒಂದೇ ಅನ್ನಿಸಬಹುದು. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ಅಂಧ ಓದುಗರು ಒಂದು ಹೆಡಿಂಗ್‌ನಿಂದ ಮುಂದಿನ ಹೆಡಿಂಗ್‌ಗೆ ಜಿಗಿಯುತ್ತ ಪುಟದಲ್ಲಿ ದಾರಿ ಹುಡುಕುತ್ತಾರೆ. ದಪ್ಪಕ್ಷರದ ಸಾಲು ಅವರಿಗೆ ಆ ದಾರಿ ತೋರದು. ಕೊಂಡಿ ಕೊಡುವಾಗಲೂ ಇದೇ ಕಾಳಜಿ ಇರಲಿ: ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದಕ್ಕೆ ಕೊಡದೆ, ಏನು ತೆರೆಯುತ್ತದೆಂದು ಹೇಳುವ ಪದಗಳಿಗೇ ಕೊಡಿ.

ಫೋನಿನಲ್ಲಿ ತೆಗೆದ ಚಿತ್ರ ಹಲವು ಎಂಬಿ ತೂಗುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ಏರಿಸಿ, ಇಲ್ಲದಿದ್ದರೆ ನಿಧಾನದ ಸಂಪರ್ಕದಲ್ಲಿ ಪುಟ ತೆರೆಯುವಷ್ಟರಲ್ಲಿ ಓದುಗರು ಹೊರಟುಹೋಗಿರುತ್ತಾರೆ. ‘ಆಲ್ಟರ್ನೇಟಿವ್ ಟೆಕ್ಸ್ಟ್’ ಜಾಗದಲ್ಲಿ ಚಿತ್ರದಲ್ಲೇನಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಪ್ರಿವ್ಯೂನಲ್ಲಿ ‘ಮೊಬೈಲ್’ ಆರಿಸಿ ನೋಡಿ. ಮೊದಲ ಸಲ ‘ಪ್ರೈವೇಟ್’ ಎಂದೇ ಪ್ರಕಟಿಸಿದರೆ ಹೊರಗಿನವರಿಗೆ ಕಾಣದು, ತಿದ್ದಲು ಸಮಯವಿರುತ್ತದೆ.

ಪ್ರಶ್ನೆ: ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಕಡತದ ಲೇಖನವನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಬೇರೆ ಬೇರೆ ಫಾಂಟ್ ಹಾಕಿ ನೋಡಿದೆ, ಸರಿಹೋಗಲಿಲ್ಲ.

ಉತ್ತರ: ಎಷ್ಟು ಯೂನಿಕೋಡ್ ಫಾಂಟ್ ಹಾಕಿದರೂ ಸರಿಹೋಗದು. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ. ಆ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರ ಕೂರಿಸಿದ್ದವು. ಕಂಪ್ಯೂಟರಿನ ಪಾಲಿಗೆ ಆ ಕಡತದಲ್ಲಿ ಕನ್ನಡವೇ ಇಲ್ಲ. ಫಾಂಟ್ ಕಳಚಿದೊಡನೆ ಒಳಗಿದ್ದ ರೋಮನ್ ಹೊರಬೀಳುತ್ತದೆ.

ಆಸ್ಕಿಯಿಂದ (ಅಂದರೆ ಈ ಹಳೆಯ ಬಗೆಯ ಸಂಕೇತಗಳಿಂದ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಬರಹವನ್ನು ಹಾಕಿ, ಬಂದದ್ದನ್ನು ಬಳಸಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ, ಏಕೆಂದರೆ ಪರಿವರ್ತನೆ ಎರಡು ಕಡೆ ಎಡವುತ್ತದೆ. ಒಂದು, ಅರ್ಕಾವತ್ತು. ‘ಸೂರ್ಯ’ದಲ್ಲಿ ಅದು ಅಕ್ಷರದ ಬಲಕ್ಕೆ ನಿಂತಂತೆಯೇ ಹಳೆಯ ಕಡತದಲ್ಲೂ ಆಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ‘ರ್’ ಮೊದಲು ಬರಬೇಕು. ಸಾಧನ ಈ ಸ್ಥಾನವನ್ನು ಅದಲುಬದಲು ಮಾಡುವಾಗ ತಪ್ಪಬಹುದು. ಎರಡು, ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದೇ ಎಣಿಸಿ ಕೆಡಿಸುತ್ತದೆ. ಆ ಪದಗಳನ್ನು ಮೂಲ ನೋಡಿ ಕೈಯಾರೆ ಮತ್ತೆ ಟೈಪ್ ಮಾಡಿ.

ಪ್ರಶ್ನೆ: ನನ್ನ ಕವಿತೆಯ ಪ್ರತಿ ಸಾಲಿನ ನಡುವೆ ದೊಡ್ಡ ಅಂತರ ಬೀಳುತ್ತದೆ.

ಉತ್ತರ: ಎಂಟರ್ ಒತ್ತಿದರೆ ಹೊಸ ಪ್ಯಾರಾ, ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಅದೇ ಪ್ಯಾರಾದಲ್ಲಿ ಹೊಸ ಸಾಲು. ಪದ್ಯದೊಳಗೆ ಎರಡನೆಯದು, ಪದ್ಯ ಮುಗಿದಾಗ ಮೊದಲನೆಯದು.

ಪ್ರಶ್ನೆ: ಕನ್ನಡ ಶೀರ್ಷಿಕೆ ಕೊಟ್ಟ ಲೇಖನದ ಕೊಂಡಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದ ಸರಮಾಲೆ ಹೋಗುತ್ತದೆ. ಏಕೆ?

ಉತ್ತರ: ವಿಳಾಸದೊಳಗೆ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ (ಕಂಪ್ಯೂಟರಿನ ಮಾಹಿತಿಯ ಅಳತೆ), ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 9. ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ. ‘ಮನೆಯ ಕೈತೋಟ’ ಎಂಬ ಪುಟ್ಟ ಶೀರ್ಷಿಕೆ 9 ಸಂಕೇತ, ನಡುವಿನ ಹೈಫನ್ ಸೇರಿ 82 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ವಿಳಾಸದ ಈ ಭಾಗವನ್ನು 200 ಅಕ್ಷರಕ್ಕೆ ಕತ್ತರಿಸುವುದರಿಂದ ಉದ್ದ ಶೀರ್ಷಿಕೆಯ ಬಾಲ ಹೋಗಿಬಿಡುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಪ್ರಕಟಿಸುವ ಮುನ್ನ ಪಕ್ಕದ ಪಟ್ಟಿಯ ‘ಸ್ಲಗ್’ (ವಿಳಾಸದ ಆ ಭಾಗ) ಜಾಗದಲ್ಲಿ ಮಾತ್ರ ರೋಮನ್ ಲಿಪಿಯ ಎರಡು ಮೂರು ಪದಗಳನ್ನು ಹೈಫನ್ ಹಾಕಿ ಬರೆಯಿರಿ.