ಸ್ಥಳೀಯ ಉದ್ಯಮ ಬೆಳೆಸುವಾಗ ತೀರ್ಮಾನ ಯಾರದ್ದಾಗಬೇಕು?

ಒಂದು ಪ್ರದೇಶದಲ್ಲಿ ಹೊಸ ಉದ್ಯಮಗಳು ಬೆಳೆಯಬೇಕಾದರೆ ಅಧಿಕಾರ ಸರ್ಕಾರದ ಬಳಿ ಇರಬೇಕೇ, ಉದ್ಯಮಿಗಳ ಬಳಿ ಇರಬೇಕೇ ಎಂದು ಕೇಳಿದ್ದೀರಿ. ಯಾವ ಉದ್ಯಮಕ್ಕೆ ಹಣ ಹಾಕಬೇಕೆಂಬ ತೀರ್ಮಾನವನ್ನು ಉದ್ಯಮಿಗಳಿಗೂ ಹೂಡಿಕೆದಾರರಿಗೂ ಬಿಡಬೇಕು, ಆ ತೀರ್ಮಾನ ತಪ್ಪಿದರೆ ಅವರ ಸ್ವಂತ ಹಣವೂ ಮುಳುಗುವಂತೆ ಸರ್ಕಾರ ನಿಯಮ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಯಮ ರೂಪಿಸುವ ಸಮಿತಿಯಲ್ಲಿ ಯಾರಿಗೆ ಎಷ್ಟು ಸ್ಥಾನ ಎಂಬುದು ಆಮೇಲಿನ ಮಾತು.

ಇಸ್ರೇಲ್ ಇದನ್ನು ಎರಡು ರೀತಿಯಲ್ಲಿ ಮಾಡಿ ನೋಡಿತು. 1992ರ ಇನ್ಬಲ್ ಯೋಜನೆಯಲ್ಲಿ ಸಾಹಸ ಬಂಡವಾಳ ನಿಧಿಗಳಿಗೆ (ಹೊಸ ಉದ್ಯಮಗಳಲ್ಲಿ ಪಾಲು ಪಡೆದು ಹಣ ಹೂಡುವ ವೆಂಚರ್ ಕ್ಯಾಪಿಟಲ್ ನಿಧಿಗಳಿಗೆ) ಶೇ. 70ರವರೆಗೆ ಸರ್ಕಾರದ ಖಾತರಿ ಇತ್ತು. ನಷ್ಟದ ಭಯವೇನೋ ತಗ್ಗಿತು, ಆದರೆ ಉದ್ಯಮವನ್ನು ಬೆನ್ನುಹತ್ತಿ ಗೆಲ್ಲಿಸಲು ಹೆಚ್ಚಿನ ಕಾರಣವೇನೂ ಸಿಗಲಿಲ್ಲ, ಯೋಜನೆ ಸೋತಿತು. ಮರುವರ್ಷ 10 ಕೋಟಿ ಡಾಲರ್‌ಗಳೊಂದಿಗೆ ಯೋಜ್ಮಾ ಎಂಬ ಹೊಸ ಸರ್ಕಾರಿ ಯೋಜನೆ ಬಂತು. ಅದರಡಿ ಹುಟ್ಟಿದ 10 ನಿಧಿಗಳಲ್ಲಿ ಸರ್ಕಾರದ ಪಾಲು ಸುಮಾರು ಶೇ. 40 ಮಾತ್ರ, ಉಳಿದದ್ದನ್ನು ಖಾಸಗಿಯವರೇ ತರಬೇಕು. ನಷ್ಟಕ್ಕೆ ಖಾತರಿಯಿಲ್ಲ. ಬದಲಿಗೆ, ಐದು ವರ್ಷದೊಳಗೆ ಸರ್ಕಾರದ ಪಾಲನ್ನು ಅಸಲು ಮತ್ತು ಬಡ್ಡಿ ಕೊಟ್ಟು ಕೊಳ್ಳುವ ಹಕ್ಕು ಅವರಿಗಿತ್ತು. ಎಂಟು ನಿಧಿಗಳು ಅದನ್ನು ಬಳಸಿಕೊಂಡವು. ಈ ಷರತ್ತನ್ನು ನಾನು ಬಹಳ ಮೆಚ್ಚುತ್ತೇನೆ. ಗೆದ್ದರೆ ಲಾಭ ದುಡಿದವರದು, ಸರ್ಕಾರ ಹೊರನಡೆಯುವ ದಾರಿ ಮೊದಲ ದಿನವೇ ಕರಾರಿನಲ್ಲಿ ಇರುತ್ತದೆ.

ಹಾಗೆಂದು ಸರ್ಕಾರ ಕೈಕಟ್ಟಿ ಕೂರಬೇಕೆಂದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಚಿಪ್ ತಯಾರಕರಿಗೆ ದೊಡ್ಡ ಗಿರಾಕಿ ಸರ್ಕಾರವೇ. ಅಪೊಲೊ ಕಾರ್ಯಕ್ರಮ ಮತ್ತು ಮಿನಿಟ್‌ಮನ್ ಕ್ಷಿಪಣಿಗಳಿಗಾಗಿ ಅದು ಖರೀದಿಸದಿದ್ದರೆ ಬೆಲೆ ಅಷ್ಟು ಬೇಗ ಇಳಿಯುತ್ತಿರಲಿಲ್ಲ. ಸಣ್ಣ ಉದ್ಯಮಿಗೆ ಎಷ್ಟೋ ಸಲ ಸಹಾಯಧನಕ್ಕಿಂತ ಒಂದು ಖರೀದಿ ಆದೇಶ, ಸಮಯಕ್ಕೆ ಸರಿಯಾಗಿ ಪಾವತಿಯಾಗುವ ಬಿಲ್ಲು ಹೆಚ್ಚು ಉಪಕಾರಿ. ಟೆಂಡರಿನಲ್ಲಿ ಹಿಂದಿನ ವರ್ಷಗಳ ದೊಡ್ಡ ವಹಿವಾಟನ್ನು ಅರ್ಹತೆಯಾಗಿ ಕೇಳಿದರೆ ಹೊಸಬ ಬಾಗಿಲಲ್ಲೇ ನಿಲ್ಲುತ್ತಾನೆ.

ಉದ್ಯಮಿಗಳ ಕೈಗೂ ಪೂರ್ತಿ ಅಧಿಕಾರ ಕೊಡಬಾರದು. ಮೊದಲು ನೆಲೆಯೂರಿದವರು 'ಉದ್ಯಮದ ಪ್ರತಿನಿಧಿ'ಗಳಾಗಿ ಸಮಿತಿ ಸೇರಿ, ಪರವಾನಗಿ ನಿಯಮಗಳನ್ನು ತಮಗೆ ಹೊಂದುವಂತೆ ಬರೆಸಿಕೊಳ್ಳುವ ಅಪಾಯ ಸದಾ ಇರುತ್ತದೆ. ಆದ್ದರಿಂದ ಸದಸ್ಯತ್ವಕ್ಕೆ ಅವಧಿಯ ಮಿತಿ ಇರಲಿ, ನಡಾವಳಿ ಸಾರ್ವಜನಿಕವಾಗಲಿ, ಇನ್ನೂ ಮೊದಲ ಗಿರಾಕಿಯನ್ನೇ ಹುಡುಕುತ್ತಿರುವವರಿಗೂ ಅಲ್ಲಿ ಜಾಗ ಸಿಗಲಿ.