ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಲ್ಯಾಟ್ ಪ್ಯಾಸೇಜ್ ಮತ್ತು ಕೊನೆಗೆ ಉಳಿಯುವ ಎರಡು ಆಯ್ಕೆ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಪ್ರಶ್ನೆಗಳಿಗೆ ಮೊದಲು ಕೊಡುವ ಇಂಗ್ಲಿಷ್ ಗದ್ಯಭಾಗವನ್ನು, ಅಂದರೆ ಪ್ಯಾಸೇಜನ್ನು, ಓದಿ ಅರ್ಥ ಮಾಡಿಕೊಳ್ಳುವುದು. ಐದನ್ನು ಆರಿಸಿಕೊಂಡಿದ್ದೇವೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ದ್ವಿತೀಯ ಪಿಯುಸಿ. ಪ್ಯಾಸೇಜ್ ಅರ್ಥವಾಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಸಲೀಸಾಗಿ ಹೊಡೆದುಹಾಕುತ್ತೇನೆ. ಉಳಿದ ಎರಡರಲ್ಲಿ ಮಾತ್ರ ಹೆಚ್ಚಾಗಿ ತಪ್ಪನ್ನೇ ಆರಿಸುತ್ತೇನೆ. ಯಾಕೆ ಹೀಗೆ?
— ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಇದು ಇಂಗ್ಲಿಷಿನ ತೊಂದರೆ ಎಂದುಕೊಂಡಿದ್ದೀರಿ. ಬಹುಪಾಲು ಅಲ್ಲ. ಕನ್ನಡದಲ್ಲೇ ಪರೀಕ್ಷಿಸಿಕೊಳ್ಳಿ. ಈ ನಾಲ್ಕು ವಾಕ್ಯ ಓದಿ:

“ಊರ ಕೆರೆಯ ಹೂಳೆತ್ತಿದರೆ ಬೋರ್‌ವೆಲ್‌ಗಳಿಗೆ ನೀರು ಬಂದೇ ಬರುತ್ತದೆ ಎನ್ನುವವರು ಬಹಳ. ಕೆಲವು ಕಡೆ ಹಾಗಾಗಿರುವುದೂ ಉಂಟು. ಆದರೆ ಕೆರೆಗೆ ನೀರು ತರುವ ಕಾಲುವೆಗಳೇ ಒತ್ತುವರಿಯಾದ ಕಡೆ ಎಷ್ಟು ಆಳ ತೋಡಿದರೂ ಕೊನೆಗೆ ಸಿಗುವುದು ದೊಡ್ಡದೊಂದು ಒಣ ಗುಂಡಿ. ಹೂಳೆತ್ತುವ ಹಣದಲ್ಲಿ ಒಂದು ಪಾಲನ್ನಾದರೂ ಕಾಲುವೆಗೆ ಎತ್ತಿಡದ ಯೋಜನೆ ಫಲ ಕೊಡುವುದು ಕಷ್ಟ.”

ಲೇಖಕರ ಮುಖ್ಯ ವಾದ ಯಾವುದು?
ಎ) ಹೂಳೆತ್ತಿದರೆ ಬೋರ್‌ವೆಲ್‌ಗಳಿಗೆ ನೀರು ಬರುತ್ತದೆ.
ಬಿ) ಹೂಳೆತ್ತುವುದರಿಂದ ಯಾವ ಪ್ರಯೋಜನವೂ ಇಲ್ಲ.
ಸಿ) ಕಾಲುವೆಯನ್ನು ಕಡೆಗಣಿಸಿ ಹೂಳೆತ್ತುವ ಯೋಜನೆ ಯಶಸ್ವಿಯಾಗುವುದು ಕಷ್ಟ.
ಡಿ) ಒತ್ತುವರಿ ತಡೆಯಲು ಸರ್ಕಾರ ಕಠಿಣ ಕಾನೂನು ತರಬೇಕು.

‘ಎ’ಯಲ್ಲಿರುವ ಮಾತು ಪ್ಯಾಸೇಜಿನಲ್ಲಿ ಇದೆ, ಆದರೆ ಅದು ಲೇಖಕರದಲ್ಲ, ‘ಎನ್ನುವವರು ಬಹಳ’ ಎಂದು ಅವರು ಬೇರೆಯವರ ಬಾಯಿಗೆ ಹಾಕಿದ್ದು. ‘ಬಿ’ ಲೇಖಕರ ದಿಕ್ಕಿನಲ್ಲೇ ಇದೆ, ಆದರೆ ಅವರು ನಿಂತಲ್ಲಿ ನಿಲ್ಲದೆ ಮುಂದೆ ಹೋಗಿದೆ. ‘ಕೆಲವು ಕಡೆ ಹಾಗಾಗಿರುವುದೂ ಉಂಟು’ ಎಂದು ಅವರೇ ಒಪ್ಪಿರುವಾಗ ‘ಯಾವ ಪ್ರಯೋಜನವೂ ಇಲ್ಲ’ ಎನ್ನಲಾಗದು. ‘ಡಿ’ ಎಲ್ಲಕ್ಕಿಂತ ಅಪಾಯದ್ದು: ನ್ಯಾಯವಾದ ಮಾತು, ನಾವೂ ನೀವೂ ಒಪ್ಪುವಂಥದ್ದು, ಆದರೆ ಕಾನೂನಿನ ಸುದ್ದಿಯೇ ಪ್ಯಾಸೇಜಿನಲ್ಲಿ ಇಲ್ಲ. ಸರಿ ಉತ್ತರ ‘ಸಿ’. ಅದು ಚಪ್ಪೆಯಾಗಿದೆ, ಮೂಲದ ಒಂದು ಪದವನ್ನೂ ಜೋರು ಮಾಡಿಲ್ಲ. ಸರಿ ಉತ್ತರ ಹೆಚ್ಚಾಗಿ ಹೀಗೇ ಇರುತ್ತದೆ. ಕೊನೆಗೆ ಉಳಿದ ಎರಡರಲ್ಲಿ ಚಂದ ಕಂಡದ್ದನ್ನು ಆರಿಸುವವರು ಸೋಲುವುದು ಇಲ್ಲೇ.

ಆದ್ದರಿಂದ ಎರಡು ಉಳಿದಾಗ ‘ಯಾವುದು ಸರಿ’ ಎಂದು ಕೇಳಿಕೊಳ್ಳಬೇಡಿ. ‘ಯಾವುದರಲ್ಲಿ ಒಂದು ಪದ ಕೆಟ್ಟಿದೆ’ ಎಂದು ಹುಡುಕಿ. ‘ಆಲ್’, ‘ಓನ್ಲಿ’, ‘ನೆವರ್’, ‘ಆಲ್ವೇಸ್’ ಕಂಡರೆ ಮೂಲಕ್ಕೆ ಹೋಗಿ: ಅಲ್ಲಿ ‘ಸಮ್’, ‘ಮೇ’, ‘ಆಫನ್’ ಎಂದಿದ್ದರೆ ಆ ಆಯ್ಕೆ ಬಿತ್ತು. ಮೂಲದಲ್ಲೇ ‘ಆಲ್’ ಇದ್ದರೆ ಅದೇ ಉತ್ತರವಾಗಬಹುದು, ಪದ ನೋಡಿದ ಕೂಡಲೇ ತಿರಸ್ಕರಿಸುವುದೂ ತಪ್ಪೇ.

ಅಭ್ಯಾಸ ಹೀಗೆ ಮಾಡಿ. ಓದುವಾಗ ಪ್ರತಿ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಗುರುತು ಹಾಕಿ: ಲೇಖಕರ ಮಾತಾದರೆ ‘ಲೇ’, ಬೇರೆಯವರದಾದರೆ ‘ಬೇ’. ‘ಬಟ್’, ‘ಯೆಟ್’, ‘ಹೌಎವರ್’ ಸುತ್ತ ಒಂದು ಸೊನ್ನೆ ಸುತ್ತಿ. ಮುಗಿದ ಮೇಲೆ ಪ್ಯಾಸೇಜ್ ಮುಚ್ಚಿಟ್ಟು, ಲೇಖಕರ ವಾದವನ್ನು ಕನ್ನಡದಲ್ಲೇ 15 ಪದಗಳೊಳಗೆ ಬರೆಯಿರಿ. ಬರೆಯಲಾಗದಿದ್ದರೆ ಪ್ರಶ್ನೆಗಳಿಗೆ ಹೋಗಬೇಡಿ, ಮತ್ತೊಮ್ಮೆ ಓದಿ. ದಿನಕ್ಕೆ ಎರಡು ಪ್ಯಾಸೇಜ್ ಹೀಗೆ ಮಾಡಿದರೆ ಸಾಕು. ಹತ್ತು ಮಾಡಿ ಒಂದನ್ನೂ ತಿದ್ದದಿರುವುದಕ್ಕಿಂತ ಇದು ಎಷ್ಟೋ ಮೇಲು. ಕನ್ನಡ ಪತ್ರಿಕೆಯ ಸಂಪಾದಕೀಯದ ಮೇಲೂ ಇದೇ ಕಸರತ್ತು ನಡೆಯುತ್ತದೆ. ವಾದ ಹಿಡಿಯುವ ಕಣ್ಣು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಬರುತ್ತದೆ.

ಇನ್ನು ನಿಜಕ್ಕೂ ಇಂಗ್ಲಿಷಿಗೇ ಸೇರಿದ ತೊಡಕು ಒಂದಿದೆ. ಕನ್ನಡದಲ್ಲಿ ‘ಇಲ್ಲ’, ‘ಅಲ್ಲ’, ‘ಬಾರದು’ ವಾಕ್ಯದ ತುದಿಯಲ್ಲಿ ಬರುತ್ತವೆ. ಕೊನೆಯವರೆಗೆ ಕಾದು ಕೂತರೆ ಅರ್ಥ ಕೈಗೆ ಸಿಗುತ್ತದೆ. ಇಂಗ್ಲಿಷ್ ಇದನ್ನು ಮೊದಲೇ ಹೇಳಿ ಮುಗಿಸುತ್ತದೆ: ‘ಹಾರ್ಡ್ಲಿ’, ‘ನಾಟ್ ಎವ್ರಿ’, ‘ಫ್ಯೂ’, ‘ಅನ್‌ಲೆಸ್’. ಕೊನೆಗೆ ಬರುವ ಹೊತ್ತಿಗೆ ಅದು ಮರೆತೇ ಹೋಗಿರುತ್ತದೆ. ‘ಎ ಫ್ಯೂ’ ಎಂದರೆ ಕೆಲವರು ಇದ್ದಾರೆ, ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಒಂದಕ್ಷರದಲ್ಲಿ ಉತ್ತರ ತಿರುಗಿಬೀಳುತ್ತದೆ. ಹಾಗೆಯೇ ‘ಕೋರ್ಟು ಕಳೆದ ವರ್ಷ ಹೇಳಿದ ನಿಯಮ’ ಎಂದು ನಾವು ವಿವರವನ್ನೆಲ್ಲ ಮುಂದಿಟ್ಟು ಆಮೇಲೆ ನಿಯಮಕ್ಕೆ ಬಂದರೆ, ಇಂಗ್ಲಿಷ್ ‘ದ ರೂಲ್’ ಎಂದು ಶುರುಮಾಡಿ, ‘ವಿಚ್’, ‘ದಟ್’ ಎಂದು ಬಾಲ ಕಟ್ಟುತ್ತಾ ಎರಡು ಸಾಲು ಎಳೆದು, ಆಮೇಲೆ ‘ಡಸ್ ನಾಟ್ ಅಪ್ಲೈ’ ಎನ್ನುತ್ತದೆ. ಉದ್ದ ವಾಕ್ಯ ಬಂದಾಗ ಕರ್ತೃ ಮತ್ತು ಮುಖ್ಯ ಕ್ರಿಯಾಪದಕ್ಕೆ ಗೆರೆ ಎಳೆದು, ನಡುವಿನದನ್ನು ಬಿಟ್ಟು ಅವೆರಡನ್ನೇ ಒಮ್ಮೆ ಓದಿ. ಎರಡು ವಾರ ಗೆರೆ ಎಳೆದ ಮೇಲೆ ಕಣ್ಣೇ ಎಳೆದುಕೊಳ್ಳುತ್ತದೆ.

450 ಪದದ ಪ್ಯಾಸೇಜ್ ಓದಲು ನನಗೆ ಆರು ನಿಮಿಷ ಬೇಕು. ಸ್ಪೀಡ್ ರೀಡಿಂಗ್ ಕೋರ್ಸ್ ಸೇರಲೇ?
— ವಿದ್ಯಾರ್ಥಿ, ಹಾಸನ

ಬೇಡ. ಮೊದಲು ಲೆಕ್ಕ ಹಾಕೋಣ. ಪತ್ರಿಕೆಯಲ್ಲಿ 120 ಪ್ರಶ್ನೆ, 120 ನಿಮಿಷ. ಗಣಿತ ಬಿಟ್ಟರೆ ಹತ್ತಿರ ಹತ್ತಿರ 20 ಪ್ಯಾಸೇಜ್. ಅವುಗಳಲ್ಲಿ ಪ್ರಚಲಿತ ವಿದ್ಯಮಾನದ ಐದನ್ನು ಪೂರ್ತಿ ಓದಬೇಕಿಲ್ಲ. ಅಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಪ್ಯಾಸೇಜಿನ ಹೊರಗಿರುತ್ತದೆ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಉಳಿದ 15ನ್ನು 450ರಂತೆ ಹಿಡಿದರೆ 6,750 ಪದ. ನಿಮ್ಮ ಈಗಿನ ವೇಗ ನಿಮಿಷಕ್ಕೆ 75 ಪದ, ಅಂದರೆ ಓದುವುದಕ್ಕೇ 90 ನಿಮಿಷ ಬೇಕು. 150ಕ್ಕೆ ಏರಿದರೆ 45 ನಿಮಿಷ. 200ಕ್ಕೆ 34 ನಿಮಿಷ. ಅಲ್ಲಿಂದ 250ಕ್ಕೆ ಹೋದರೆ ಉಳಿಯುವುದು ಬರೀ ಏಳು ನಿಮಿಷ, ಅದರಷ್ಟೇ ಹೊತ್ತು ಅರ್ಥವಾಗದೆ ಹಿಂದೆ ಹೋಗಿ ಓದುವುದರಲ್ಲಿ ಕಳೆಯುತ್ತದೆ. ನಿಮ್ಮ ಗುರಿ 150ರಿಂದ 200, ಅಷ್ಟೇ.

75ರಲ್ಲಿ ಸಿಕ್ಕಿಬೀಳಲು ಸಾಮಾನ್ಯವಾಗಿ ಮೂರು ಕಾರಣ. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುವುದು, ಗೊತ್ತಿಲ್ಲದ ಪದ ಬಂದಾಗ ನಿಂತುಬಿಡುವುದು, ಓದಿದ ಸಾಲಿಗೇ ಮತ್ತೆ ಕಣ್ಣು ಹೋಗುವುದು. ಮೂರನೆಯದಕ್ಕೆ ಮದ್ದು ಸುಲಭ: ಒಂದು ಪೋಸ್ಟ್‌ಕಾರ್ಡ್ ಹಿಡಿದು, ಓದಿದ ಸಾಲನ್ನು ಮೇಲಿನಿಂದ ಮುಚ್ಚುತ್ತಾ ಬನ್ನಿ. ಎರಡನೆಯದಕ್ಕೆ, ಪದದ ಅರ್ಥ ಬೇಡ, ಅದು ಒಳ್ಳೆಯ ಅರ್ಥದಲ್ಲಿ ಬಂದಿದೆಯೋ ಕೆಟ್ಟ ಅರ್ಥದಲ್ಲೋ ಎಂದಷ್ಟೇ ಗುರುತಿಸಿ ಮುಂದೆ ಹೋಗಿ. ಮೊದಲನೆಯದು ನಿಧಾನಕ್ಕೆ ಬಿಡುವ ಅಭ್ಯಾಸ. ದಿನಕ್ಕೆ 20 ನಿಮಿಷ, ನಿಮಗೆ ಆಗಲೇ ವಿಷಯ ಗೊತ್ತಿರುವ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಓದಿದ ಸುದ್ದಿಯನ್ನೇ ಆಮೇಲೆ ಇಂಗ್ಲಿಷ್ ಪೇಪರಿನಲ್ಲಿ ಓದಿದರೆ ಭಾಷಾಂತರಿಸುವ ಅಗತ್ಯವೇ ಬೀಳುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಗಡಿಯಾರ ಇಟ್ಟು ಅಳೆಯಿರಿ. ದಿನಾ ಅಳೆದರೆ ವೇಗದ ಚಿಂತೆಯಲ್ಲಿ ಅರ್ಥ ಹಾರಿಹೋಗುತ್ತದೆ.

ಪ್ರಶ್ನೆ ಮೊದಲು ಓದಬೇಕೋ, ಪ್ಯಾಸೇಜ್ ಮೊದಲೋ? ಕೋಚಿಂಗಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಪೋಷಕರು, ತುಮಕೂರು

ಇಂಗ್ಲಿಷ್ ಮತ್ತು ತಾರ್ಕಿಕ ವಿಭಾಗಗಳಲ್ಲಿ ಪ್ಯಾಸೇಜ್ ಮೊದಲು. ಪ್ರಚಲಿತ ವಿದ್ಯಮಾನದಲ್ಲಿ ಪ್ರಶ್ನೆ ಮೊದಲು. ಕಾನೂನು ವಿಭಾಗದಲ್ಲಿ ಪ್ಯಾಸೇಜ್ ಮೊದಲು, ಅದೂ ನಿಧಾನವಾಗಿ. ಐದಾರು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಆಯ್ಕೆ, ಎಲ್ಲ ಮೊದಲೇ ಓದಿದರೆ ತಲೆಯಲ್ಲಿ ಉಳಿಯುವುದು ತಪ್ಪು ಆಯ್ಕೆಗಳೇ.

ಕಾನೂನು ವಿಭಾಗದಲ್ಲಿ ಮಗನಿಗೆ ಅಂಕ ಬರುತ್ತಿಲ್ಲ. ನಾನೇ ವಕೀಲ. ಮನೆಯಲ್ಲಿ ಸೆಕ್ಷನ್‌ಗಳನ್ನೆಲ್ಲ ಹೇಳಿಕೊಟ್ಟಿದ್ದೇನೆ. ಎಲ್ಲಿ ಎಡವುತ್ತಿದ್ದಾನೆ?
— ಓದುಗರು, ಬೆಳಗಾವಿ

ಬೇಸರ ಮಾಡಿಕೊಳ್ಳಬೇಡಿ ಸಾರ್, ನೀವು ಹೇಳಿಕೊಟ್ಟ ಕಡೆಯೇ ಎಡವುತ್ತಿರಬಹುದು. ಈ ವಿಭಾಗಕ್ಕೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ, ಪ್ಯಾಸೇಜಿನಲ್ಲಿ ಕೊಟ್ಟ ತತ್ವವನ್ನು ಕೊಟ್ಟ ಸಂದರ್ಭಕ್ಕೆ ಹೊಂದಿಸಿದರೆ ಆಯಿತು. ಪ್ಯಾಸೇಜ್ ‘16 ತುಂಬಿದವರು ಮಾಡಿಕೊಂಡ ಒಪ್ಪಂದ ಸಿಂಧು’ ಎಂದರೆ, ಆ ಐದು ಪ್ರಶ್ನೆಗಳ ಮಟ್ಟಿಗೆ 17ರ ಹುಡುಗ ಒಪ್ಪಂದ ಮಾಡಿಕೊಳ್ಳಬಹುದು. 18 ಎಂದು ಅಪ್ಪ ಹೇಳಿದ್ದಾರೆ ಎಂದು ಹುಡುಗ ಬೇರೆ ಆಯ್ಕೆ ತುಂಬಿದರೆ ಕಾನೂನು ಸರಿ, ಅಂಕ ಹೋಯಿತು.

ಅವನಿಗೆ ಕಲಿಸಬೇಕಾದದ್ದು ತತ್ವವನ್ನು ಬಿಡಿಭಾಗ ಮಾಡುವುದನ್ನು. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಹೇಳುವ ಕಳವನ್ನು ತೆಗೆದುಕೊಳ್ಳಿ: ಅಪ್ರಾಮಾಣಿಕ ಉದ್ದೇಶ, ಚರ ವಸ್ತು, ಇನ್ನೊಬ್ಬರ ಸ್ವಾಧೀನದಲ್ಲಿರುವುದು, ಅವರ ಒಪ್ಪಿಗೆ ಇಲ್ಲದಿರುವುದು, ತೆಗೆದುಕೊಳ್ಳಲೆಂದು ಕದಲಿಸುವುದು. ಐದೂ ಇರಬೇಕು. ದೇವಸ್ಥಾನದ ಬಾಗಿಲಲ್ಲಿ ತನ್ನದೇ ಎಂದುಕೊಂಡು ಬೇರೆಯವರ ಚಪ್ಪಲಿ ಮೆಟ್ಟಿ ಹೋದವನ ಪ್ರಶ್ನೆ ಬಂದರೆ ನಾಲ್ಕಕ್ಕೆ ಸರಿ ಗುರುತು ಬೀಳುತ್ತದೆ, ಮೊದಲನೆಯದಕ್ಕೆ ಇಲ್ಲ. ಕಳವಲ್ಲ. ಪ್ಯಾಸೇಜಿನ ಪಕ್ಕದಲ್ಲಿ 1ರಿಂದ 5 ಅಂಕಿ ಹಾಕಿಕೊಂಡರೆ ಹತ್ತು ಸೆಕೆಂಡಿನ ಕೆಲಸ. ಭಾಗಗಳ ನಡುವೆ ‘ಅಂಡ್’ ಇದೆಯೋ ‘ಆರ್’ ಇದೆಯೋ, ‘ಶಲ್’ ಎಂದಿದೆಯೋ ‘ಮೇ’ ಎಂದಿದೆಯೋ ಎನ್ನುವುದನ್ನು ವಕೀಲರಾದ ನಿಮಗೆ ಹೇಳಬೇಕಿಲ್ಲ, ಅವನಿಗೆ ಹೇಳಬೇಕು. ‘ಪ್ರೊವೈಡೆಡ್ ದಟ್’ ನಂತರ ಬರುವ ವಿನಾಯಿತಿಯಿಂದಲೇ ಒಂದು ಪ್ರಶ್ನೆ ಹುಟ್ಟುವುದು ಬಹಳ ಸಲ.

ಮೂರು ಸಾವಿರ ಪದಗಳ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆಗಳ ದಪ್ಪ ಪುಸ್ತಕ ಎರಡನ್ನೂ ತಂದಿದ್ದೇನೆ. ದಿನಾ ಒಂದು ಮಾಕ್ ಟೆಸ್ಟ್ ಬರೆಯುತ್ತೇನೆ. ಅಂಕ ಮಾತ್ರ ನಿಂತಲ್ಲೇ ನಿಂತಿದೆ.
— ವಿದ್ಯಾರ್ಥಿ, ಮಂಗಳೂರು

ಪುಸ್ತಕದಲ್ಲಿ 2019 ಮತ್ತು ಅದಕ್ಕೂ ಹಿಂದಿನ ಪತ್ರಿಕೆಗಳಿದ್ದರೆ ಪ್ಯಾಸೇಜ್ ಅಭ್ಯಾಸಕ್ಕೆ ಅವು ಹೆಚ್ಚು ಉಪಯೋಗಕ್ಕಿಲ್ಲ. ಆಗ 200 ಬಿಡಿ ಪ್ರಶ್ನೆಗಳ ಮಾದರಿ ಇತ್ತು. 2020ರಲ್ಲಿ ಪ್ಯಾಸೇಜ್ ಆಧಾರಿತ 150 ಪ್ರಶ್ನೆಗಳಾದವು, ಕ್ಲ್ಯಾಟ್ 2024ರಿಂದ 120. ಈ ಪತ್ರಿಕೆಗಳನ್ನು ಹಿಡಿಯಿರಿ. ಪದಪಟ್ಟಿಯನ್ನು ಕಪಾಟಿನಲ್ಲಿಡಿ. ಪ್ಯಾಸೇಜಿನಲ್ಲೇ ಸಿಕ್ಕ ಪದಗಳನ್ನು ದಿನಕ್ಕೆ ಐದರಂತೆ, ಅವು ಬಂದ ವಾಕ್ಯದ ಸಮೇತ ಬರೆದುಕೊಳ್ಳಿ. ಪರೀಕ್ಷೆಯಲ್ಲಿ ಪದದ ಅರ್ಥ ಕೇಳಿದರೂ ‘ಈ ವಾಕ್ಯದಲ್ಲಿ’ ಎಂದೇ ಕೇಳುತ್ತಾರೆ.

ಮಾಕ್ ಟೆಸ್ಟ್ ವಾರಕ್ಕೆ ಎರಡು ಸಾಕು, ಅಕ್ಟೋಬರ್ ನಂತರ ಮೂರು. ಬರೆಯಲು ಎರಡು ಗಂಟೆಯಾದರೆ ತಿದ್ದಲು ಮೂರು ಗಂಟೆ ಕೊಡಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಒಂದು ಕಾರಣ ಬರೆಯಿರಿ: ಬೇರೆಯವರ ಮಾತನ್ನು ಲೇಖಕರದೆಂದುಕೊಂಡದ್ದು, ಅತಿಯಾದ ಪದ, ಪ್ಯಾಸೇಜಿನ ಹೊರಗಿನದು, ಪ್ರಶ್ನೆಯಲ್ಲಿದ್ದ ‘ನಾಟ್’ ಅಥವಾ ‘ಎಕ್ಸೆಪ್ಟ್’ ಕಾಣದೇ ಹೋದದ್ದು, ಸಮಯ ಸಾಲದ್ದು. ‘ಅಜಾಗರೂಕತೆ’ ಎಂದು ಬರೆಯಬೇಡಿ, ಅದು ಕಾರಣವಲ್ಲ. ನಾಲ್ಕು ಟೆಸ್ಟ್ ಆದ ಮೇಲೆ ಎಣಿಸಿದರೆ ನಿಮ್ಮ ರೋಗ ಯಾವುದೆಂದು ಕಣ್ಣಿಗೆ ಬೀಳುತ್ತದೆ, ಮುಂದಿನ ವಾರ ಅದೊಂದರ ಮೇಲೆ ಕೆಲಸ ಮಾಡಿ. ಊಹಿಸಿ ಸರಿಯಾದ ಉತ್ತರಗಳಿಗೂ ಒಂದು ಚುಕ್ಕಿ ಇಟ್ಟು ಅವನ್ನೂ ತಿದ್ದಿ.

ತಪ್ಪಿಗೆ ಕಳೆಯುವುದು 0.25 ಅಂಕ. ನಾಲ್ಕರಲ್ಲಿ ಎರಡನ್ನು ಹೊಡೆದುಹಾಕಿದ್ದರೆ ಉಳಿದ ಎರಡರಲ್ಲಿ ಒಂದನ್ನು ತುಂಬುವುದು ಲಾಭವೇ: ಎಂಟು ಅಂಥ ಪ್ರಶ್ನೆಗಳಲ್ಲಿ ಅರ್ಧ ಸರಿಯಾದರೂ ನಾಲ್ಕು ಬಂದು ಒಂದು ಹೋಗುತ್ತದೆ. ಪರೀಕ್ಷೆ ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ 2ರಿಂದ 4. ನಿಮ್ಮ ಮಾಕ್‌ಗಳನ್ನೂ ಊಟದ ನಂತರದ ಆ ಹೊತ್ತಿಗೇ, ಕಾಗದದ ಮೇಲೆ, ಓಎಂಆರ್ ಹಾಳೆಯ ಜೊತೆಗೇ ಬರೆಯಿರಿ. ಒಂದು ವೃತ್ತ ತುಂಬಲು ನಾಲ್ಕು ಸೆಕೆಂಡ್ ಎಂದರೆ 120ಕ್ಕೆ ಎಂಟು ನಿಮಿಷ. ಅದನ್ನು ಕೊನೆಗೆ ಇಟ್ಟುಕೊಂಡವರು 3.50ಕ್ಕೆ ಒಂದು ಸಾಲು ತಪ್ಪಿ ಕೆಳಗಿನದೆಲ್ಲ ಜಾರಿಸಿಬಿಡುತ್ತಾರೆ. ಪ್ಯಾಸೇಜ್ ಒಂದು ಮುಗಿದ ಕೂಡಲೇ ಅದರ ಐದಾರು ವೃತ್ತ ತುಂಬಿ, ಪ್ರಶ್ನೆ ಸಂಖ್ಯೆ ಬೆರಳಿಟ್ಟು ನೋಡಿ, ಆಮೇಲೆ ಪುಟ ತಿರುಗಿಸಿ.