ಇಟಲಿಯ 'ದೆಲ್ಯಿನ್ನೊಚೆಂತಿ' ಎಂಬ ಅಡ್ಡಹೆಸರು ಎಲ್ಲಿಂದ ಬಂತು? ಅದು ಅಪರೂಪದ್ದೇ?

ನಿಮ್ಮ ಆಫೀಸಿಗೆ ಬಂದಿರುವ ಇಟಲಿಯವರ ಅಡ್ಡಹೆಸರು ದೆಲ್ಯಿನ್ನೊಚೆಂತಿ, ಅದರ ಮೂಲ ಯಾವುದು, ತುಂಬ ಜನಕ್ಕಿದೆಯಾ ಅಂತ ಕೇಳಿದ್ದೀರಿ. ಓದಲಿಕ್ಕೆಂದು ಎರಡು ವರ್ಷ ಫ್ಲಾರೆನ್ಸಿನಲ್ಲಿದ್ದೆ. ಈ ಹೆಸರು ಹುಟ್ಟಿದ ಕಟ್ಟಡದ ಮುಂದೆಯೇ ದಿನಾ ಹಾದುಹೋಗುತ್ತಿದ್ದೆ.

'ಮುಗ್ಧರಿಗೆ ಸೇರಿದ' ಅನ್ನುವುದು ಅದರ ಅರ್ಥ. ಮುಗ್ಧರು ಅಂದರೆ ಹೆರೋದ ರಾಜ ಬೇತ್ಲೆಹೇಮಿನಲ್ಲಿ ಕೊಲ್ಲಿಸಿದನೆಂದು ಬೈಬಲ್ಲು ಹೇಳುವ ಹಸುಗೂಸುಗಳು. ಅವರ ಹೆಸರಿನಲ್ಲಿ ಫ್ಲಾರೆನ್ಸಿನ ರೇಷ್ಮೆ ವರ್ತಕರ ಸಂಘ 1419ರಲ್ಲಿ ಒಂದು ಅನಾಥಾಲಯ ಕಟ್ಟಿಸಲು ತೊಡಗಿತು. ವಿನ್ಯಾಸ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯದು. 1445ರ ಫೆಬ್ರುವರಿ 5ರಂದು, ಸಂತ ಆಗಾತಾಳ ಹಬ್ಬದ ದಿನ, ಮೊದಲ ಮಗು ಬಂತು. ಹೆಣ್ಣುಮಗು. ಆಗಾತಾ ಸ್ಮೆರಾಲ್ದಾ ಅಂತ ಹೆಸರಿಟ್ಟರು. ಮುಂದೆ, ಹೆತ್ತವರು ಯಾರೆಂದು ತಿಳಿಯದ ಇಂಥ ಮಕ್ಕಳಿಗೆ ಆ ಮನೆಯ ಹೆಸರೇ ಅಡ್ಡಹೆಸರಾಯಿತು.

ಅಲ್ಲೀಗ ಮ್ಯೂಸಿಯಂ ಇದೆ. ಒಳಗೆ ಸಾಲುಸಾಲು ಪುಟ್ಟ ಡ್ರಾಯರುಗಳು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು. ನಾನು ಎಳೆದು ನೋಡಿದ್ದರಲ್ಲಿ ತುಂಡರಿಸಿದ ಪದಕದ ಅರ್ಧಭಾಗ ಇತ್ತು, ಅದಕ್ಕೊಂದು ಮಾಸಿದ ದಾರ. ಇನ್ನರ್ಧ ತಾಯಿಯ ಬಳಿ. ಮುಂದೆಂದಾದರೂ ಕೈಯಲ್ಲಿ ನಾಲ್ಕು ಕಾಸು ಕೂಡಿ ಮಗುವನ್ನು ಕೇಳಿಕೊಂಡು ಬಂದರೆ ಗುರುತು ಹತ್ತಲಿ ಎಂದು. ಆ ಡ್ರಾಯರನ್ನು ಮುಚ್ಚಲು ನನಗೆ ಕೈಯೇ ಬರಲಿಲ್ಲ. ಹೊರಗೆ ಕಂಬಸಾಲಿನ ತುದಿಯಲ್ಲಿ ಮಕ್ಕಳನ್ನು ಒಳಗಿಡುತ್ತಿದ್ದ ಕಿಟಕಿಯ ಜಾಗವೂ ಇದೆ. 1875ರಲ್ಲಿ ಅದನ್ನು ಮುಚ್ಚಿದರು.

ಇನ್ನು ಹರಡಿದ ಬಗೆ. ಎಳೆಗೂಸುಗಳನ್ನು ಸಂಬಳ ಕೊಟ್ಟು ಹಳ್ಳಿಗಳ ಹಾಲೂಡಿಸುವ ದಾದಿಯರ ಮನೆಗೆ ಕಳಿಸುತ್ತಿದ್ದರು. ಹಲವರು ಬೆಳೆದದ್ದೂ ಅಲ್ಲೇ. ಹಾಗಾಗಿ ಈ ಹೆಸರು ಫ್ಲಾರೆನ್ಸ್ ಊರಿಗಷ್ಟೇ ನಿಲ್ಲದೆ, ಆ ಊರಿರುವ ಟಸ್ಕನಿ ಪ್ರಾಂತ್ಯದ ಹಳ್ಳಿಗಾಡಿನಲ್ಲೂ ಸಿಗುತ್ತದೆ. ಟಸ್ಕನಿ ದಾಟಿದರೆ ಅಪರೂಪ. ಇಂಥದೇ ಹಿನ್ನೆಲೆಯ ಎಸ್ಪೊಸಿತೊ ನೇಪಲ್ಸಿನಲ್ಲಿ, ಕೊಲೊಂಬೊ ಮಿಲಾನಿನಲ್ಲಿ ಎಲ್ಲಿ ನೋಡಿದರೂ ಸಿಗುವ ಹೆಸರುಗಳು. ಇದು ಆ ಲೆಕ್ಕದ್ದಲ್ಲ.

ಬರೀ 'ಇನ್ನೊಚೆಂತಿ' ಅನ್ನುವುದು ಇದಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಲ್ಯಾಂಬ್ರೆಟಾ ಸ್ಕೂಟರ್ ತಯಾರಿಸಿದ ಫೆರ್ದಿನಾಂದೊ ಇನ್ನೊಚೆಂತಿ ಟಸ್ಕನಿಯಲ್ಲೇ ಹುಟ್ಟಿದವರು. ನಮ್ಮಲ್ಲಿ ಓಡುತ್ತಿದ್ದ ವಿಜಯ್ ಸೂಪರ್‌ನ ಮೂಲವೂ ಆ ಲ್ಯಾಂಬ್ರೆಟಾವೇ.

ಒಂದು ಮಾತು ಮಾತ್ರ ಮರೆಯಬೇಡಿ. ಹೆಸರು ನೋಡಿದ ಮಾತ್ರಕ್ಕೆ ಇವರ ಪೂರ್ವಜರು ಅನಾಥ ಮಕ್ಕಳು ಅಂತ ತೀರ್ಮಾನಿಸಲಾಗದು. ಇನ್ನೊಚೆಂತೆ ಎಂಬ ಹೆಸರಿನ ಹಿರಿಯನೊಬ್ಬನಿಂದಲೂ ಅಡ್ಡಹೆಸರು ಹುಟ್ಟಿರಬಹುದು. ನೀವು ಕೇಳುವುದಾದರೆ "ನಿಮ್ಮ ಹಿರಿಯರು ಟಸ್ಕನಿಯ ಯಾವ ಊರಿನವರು?" ಅಂತ ಶುರುಮಾಡಿ. ಉಳಿದದ್ದನ್ನು ಹೇಳುವುದು, ಬಿಡುವುದು ಅವರ ಇಷ್ಟ.

ಅವರಿಗೇ ಹುಡುಕುವ ಆಸೆಯಿದ್ದರೆ ಅನಾಥಾಲಯದ ದಾಖಲೆಗಳು ಇವತ್ತಿಗೂ ಅಲ್ಲೇ ಭದ್ರವಾಗಿವೆ. ದಾದಿಯರು ಮತ್ತು ಮಕ್ಕಳ ಲೆಕ್ಕಕ್ಕೇ ಬೇರೆ ಪುಸ್ತಕಗಳಿವೆ. ಹಳೆಯ ಕಾಗದಗಳಲ್ಲಿ ಇದೇ ಹೆಸರನ್ನು ಕೂಡಿಸಿಯೂ ಬಿಡಿಸಿಯೂ ಬರೆದಿರುತ್ತಾರೆ, ಎರಡು ರೀತಿಯಲ್ಲೂ ನೋಡಲಿ. ಮಗು ಯಾವತ್ತು ಬಂತು, ಮೈಮೇಲೆ ಯಾವ ಬಟ್ಟೆಯಿತ್ತು ಅನ್ನುವುದನ್ನೂ ಅಲ್ಲಿ ಬರೆದಿಟ್ಟಿದ್ದಾರೆ.